ಮುನ್ನೋಟ ನಿಜವಾದ ಶನಿವಾರ

ಶುಕ್ರವಾರ ರಾತ್ರಿ ಊಟ ಮುಗಿಸಿ ಹಾಸ್ಟೆಲ್ ಕೋಣೆಗೆ ಬಂದ ಮೇಲೆ ನಾನು ಮೊದಲು ಓದುವುದು ಮಹಾಪ್ರಬಂಧಕ್ಕೆ ಬೇಕಾದದ್ದನ್ನಲ್ಲ. ಬಾಕ್ಸಿಂಗ್ ಮುನ್ನೋಟವನ್ನು. ಈ ವಾರಾಂತ್ಯ ಯಾರ ಎದುರು ಯಾರು, ಯಾವ ಊರಿನಲ್ಲಿ, ಯಾವ ಚಾನೆಲ್ಲಿನಲ್ಲಿ, ಎಷ್ಟು ಸುತ್ತು, ಗೆಲ್ಲುವವರು ಯಾರು ಎಂದು ಹೇಳುವ ಪುಟ್ಟ ಬರಹಗಳು ಅವು. ಅಮೆರಿಕದ ಶನಿವಾರ ರಾತ್ರಿಯ ದೊಡ್ಡ ಪಂದ್ಯ ನಮಗೆ ಭಾನುವಾರ ಬೆಳಗ್ಗೆ, ಮೆಸ್ಸಿನಲ್ಲಿ ದೋಸೆ ಹಾಕುವ ಹೊತ್ತಿಗೆ ಬರುತ್ತದೆ. ಎಷ್ಟೋ ಸಲ ನಾನು ಏಳುವುದರೊಳಗೆ ಪಂದ್ಯ ಮುಗಿದಿರುತ್ತದೆ. ಹಾಗಾಗಿ ನೋಡಿದ ಪಂದ್ಯಗಳಿಗಿಂತ ಓದಿದ ಮುನ್ನೋಟಗಳೇ ನನ್ನ ಲೆಕ್ಕದಲ್ಲಿ ಹೆಚ್ಚು. ನಡೆಯದೆ ಇರುವುದರ ಬಗ್ಗೆ ಬರೆದದ್ದನ್ನು ಇಷ್ಟು ಶ್ರದ್ಧೆಯಿಂದ ಓದುವ ಚಟ ಯುಗಾದಿಯ ಪಂಚಾಂಗ ಶ್ರವಣವನ್ನು ಬಿಟ್ಟರೆ ಇದೊಂದರಲ್ಲೇ ಇರಬೇಕು.

ಪಂಚಾಂಗದ ಹಾಗೆಯೇ ಇಲ್ಲೂ ಒಂದು ಕಟ್ಟುಪಾಡಿದೆ. ಮುನ್ನೋಟಕಾರ ಫಲ ಹೇಳಲೇಬೇಕು, ಹೇಳಿದ ಮೇಲೆ ‘ಆದರೂ ಬಾಕ್ಸಿಂಗ್‌ನಲ್ಲಿ ಏನು ಬೇಕಾದರೂ ಆಗಬಹುದು’ ಎಂದು ಬಾಗಿಲು ತೆರೆದಿಟ್ಟುಕೊಳ್ಳಲೇಬೇಕು. ಎತ್ತರ, ತೋಳಿನ ಉದ್ದ, ಗೆಲುವು-ಸೋಲುಗಳ ಪಟ್ಟಿ ಕೊಡಬೇಕು. ಆಮೇಲೆ ಇಬ್ಬರಲ್ಲಿ ಒಬ್ಬನಿಗೆ ಒಂದು ಕಥೆ ಕೊಡಬೇಕು. ‘ಒಬ್ಬನಿಗೆ’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಈ ಬರಹ ಇರುವುದೇ ಆ ಒಬ್ಬನ ಪಕ್ಕದಲ್ಲಿ ನಿಂತ ಇನ್ನೊಬ್ಬನ ಬಗ್ಗೆ.

ಮುನ್ನೋಟ ಸುಳ್ಳಾದಾಗ ನಮಗೆ ಖುಷಿ. 1974ರಲ್ಲಿ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ಗೆಲ್ಲುತ್ತಾನೆಂದು ಬರೆದವರೇ ಹೆಚ್ಚು, ಗೆದ್ದವನು ಮುಹಮ್ಮದ್ ಅಲಿ. 1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ ಮೈಕ್ ಟೈಸನ್ ಎದುರು ಬಸ್ಟರ್ ಡಗ್ಲಸ್ ನಿಂತಾಗ ಲಾಸ್ ವೇಗಸ್‌ನ ಬಹುತೇಕ ಬಾಜಿಕಟ್ಟೆಗಳು ಈ ಪಂದ್ಯಕ್ಕೆ ಬಾಜಿ ತೆಗೆದುಕೊಳ್ಳುವ ಗೋಜಿಗೇ ಹೋಗಲಿಲ್ಲ. ಹತ್ತನೆಯ ಸುತ್ತಿನಲ್ಲಿ ಟೈಸನ್ ನೆಲದ ಮೇಲೆ ತನ್ನ ಹಲ್ಲುಕವಚ ತಡಕುತ್ತಿದ್ದ. ಇಂಥ ತಪ್ಪುಗಳನ್ನು ಬಾಕ್ಸಿಂಗ್ ಬರಹಗಾರರೇ ನಗುನಗುತ್ತ ಮತ್ತೆ ಮತ್ತೆ ಹೇಳಿಕೊಳ್ಳುತ್ತಾರೆ. ನನ್ನನ್ನು ಕಾಡುವುದು ಮುನ್ನೋಟ ಪೂರ್ತಿ ನಿಜವಾದ ಒಂದು ದಿನ.

1982ರ ನವೆಂಬರ್ 12, 13. ಶುಕ್ರವಾರ ಮತ್ತು ಶನಿವಾರ.

ಆ ವಾರ ಶುರುವಾದದ್ದೇ ಗಾಯದ ಮಾತಿನಿಂದ. ಮಂಗಳವಾರ, 9ನೇ ತಾರೀಖು, ಬಾಲ್ಟಿಮೋರ್‌ನಲ್ಲಿ ದೊಡ್ಡ ಸಮಾರಂಭ ಮಾಡಿ ಶುಗರ್ ರೇ ಲೆನಾರ್ಡ್ ನಿವೃತ್ತಿ ಘೋಷಿಸಿದ. ಕಣ್ಣಿನ ರೆಟಿನಾ ಕಳಚಿ ಶಸ್ತ್ರಚಿಕಿತ್ಸೆಯಾಗಿತ್ತು. ಅಮೆರಿಕದ ಟಿವಿಗೆ ಅಲಿಯ ನಂತರ ಸಿಕ್ಕಿದ್ದ ಅತಿ ದೊಡ್ಡ ಮುಖ ಅದು, ಆ ಜಾಗ ಈಗ ಖಾಲಿ. ಅದನ್ನು ಯಾರು ತುಂಬುತ್ತಾರೆ ಎಂಬ ಪ್ರಶ್ನೆ ಆ ವಾರದ ಗಾಳಿಯಲ್ಲೇ ಇತ್ತು.

ಶುಕ್ರವಾರ ರಾತ್ರಿ ಮಯಾಮಿಯ ಆರೆಂಜ್ ಬೌಲ್ ಕ್ರೀಡಾಂಗಣದಲ್ಲಿ ಅಲೆಕ್ಸಿಸ್ ಅರ್ಗ್ವೆಯೊ ಮತ್ತು ಆರನ್ ಪ್ರಯರ್. ಇಂಥ ಪಂದ್ಯಕ್ಕೆ ಮುನ್ನೋಟ ಬರೆಯುವವನಿಗೆ ಕೈಗೆ ಸಿಕ್ಕಿದ್ದೆಲ್ಲ ಹಬ್ಬ. ಅರ್ಗ್ವೆಯೊ ನಿಕರಾಗುವಾದ ಮನಾಗುವಾದವನು, ತೆಳ್ಳಗೆ, ಎತ್ತರ, ಮಾತಿನಲ್ಲಿ ನಯ. ಮೂರು ತೂಕವರ್ಗಗಳಲ್ಲಿ ಚಾಂಪಿಯನ್ ಆಗಿದ್ದ. ಇನ್ನೊಂದು ಗೆದ್ದರೆ ನಾಲ್ಕು ವರ್ಗಗಳಲ್ಲಿ ಗೆದ್ದ ಮೊದಲ ಮನುಷ್ಯ. ಪ್ರಯರ್ ಸಿನ್ಸಿನಾಟಿಯ ಬಡ ಓಣಿಯಿಂದ ಬಂದವನು, ಸೋಲೇ ಕಂಡಿರದವನು, ಗಂಟೆ ಬಾರಿಸಿದ ಕ್ಷಣದಿಂದ ನಿಲ್ಲದೆ ಗುದ್ದುವವನು. ಇಬ್ಬರಿಗೂ ಕಥೆಯಿತ್ತು, ಇಬ್ಬರಿಗೂ ಸ್ವಭಾವವಿತ್ತು. ಒಬ್ಬ ಸಂಯಮ, ಇನ್ನೊಬ್ಬ ಆವೇಶ. ಬಾಜಿ ವಾಲಿದ್ದು ಅರ್ಗ್ವೆಯೊ ಕಡೆಗೆ.

ಮಾರನೆಯ ಮಧ್ಯಾಹ್ನ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್ ಹೋಟೆಲಿನ ಬಯಲು ರಂಗದಲ್ಲಿ ಲೈಟ್‌ವೆಯ್ಟ್ ಚಾಂಪಿಯನ್ ರೇ ಮ್ಯಾನ್ಸಿನಿ ಮತ್ತು ದಕ್ಷಿಣ ಕೊರಿಯಾದ ಕಿಮ್ ದುಕ್ ಕೂ. ಪ್ರಸಾರ ಸಿಬಿಎಸ್‌ನದು, ಅಂದರೆ ಹಣ ಕೊಡದೆ ಎಲ್ಲರ ಮನೆಯಲ್ಲೂ ಕಾಣುವ ಚಾನೆಲ್. ಇಲ್ಲಿಯ ಕಥೆಯೆಲ್ಲ ಮ್ಯಾನ್ಸಿನಿಯದು, ಮತ್ತು ಕಥೆ ಬಹಳ ಒಳ್ಳೆಯದು ಎಂದು ಒಪ್ಪಿಕೊಳ್ಳಬೇಕು. ಅಪ್ಪ ಲೆನಿ ಮ್ಯಾನ್ಸಿನಿ 1940ರ ದಶಕದ ಮೊದಲ ವರ್ಷಗಳಲ್ಲಿ ಹೆಸರಾಂತ ಲೈಟ್‌ವೆಯ್ಟ್. ಚಾಂಪಿಯನ್‌ಷಿಪ್ಪಿಗೆ ಸೆಣಸುವ ಅವಕಾಶ ಬರುವ ಮೊದಲೇ ಯುದ್ಧಕ್ಕೆ ಹೋದ, ಫ್ರಾನ್ಸಿನಲ್ಲಿ ಗಾಯಗೊಂಡ, ಆ ಅವಕಾಶ ಮತ್ತೆ ಬರಲಿಲ್ಲ. ಮಗ ಅಪ್ಪನ ‘ಬೂಮ್ ಬೂಮ್’ ಎಂಬ ಅಡ್ಡಹೆಸರನ್ನೂ ಅಪ್ಪನ ಆಸೆಯನ್ನೂ ಹೊತ್ತು ರಿಂಗಿಗೆ ಇಳಿದ. ಊರು ಒಹಾಯೊ ರಾಜ್ಯದ ಯಂಗ್ಸ್‌ಟೌನ್. 1977ರಿಂದ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಸಾವಿರಾರು ಜನ ಕೆಲಸ ಕಳೆದುಕೊಂಡ ಊರು. 1982ರ ಮೇ ತಿಂಗಳಲ್ಲಿ ಮೊದಲ ಸುತ್ತಿನಲ್ಲೇ ಆರ್ಟುರೊ ಫ್ರಿಯಾಸ್‌ನನ್ನು ಮಣಿಸಿ ಮಗ ಅಪ್ಪನಿಗೆ ಸಿಗದಿದ್ದ ಪಟ್ಟವನ್ನು ಗೆದ್ದ. ವಯಸ್ಸು 21. ಇಂಥ ಮಗನನ್ನು ಯಾವ ಟಿವಿ ಬಿಟ್ಟುಕೊಡುತ್ತದೆ?

ಕಿಮ್‌ಗೆ ಸಿಕ್ಕಿದ್ದು ವರ್ಣನೆ ಮಾತ್ರ. ಎಡಗೈಯವನು. 17 ಗೆಲುವು, ಒಂದು ಸೋಲು, ಒಂದು ಸಮ. ಗಟ್ಟಿಗ. ಹೆಚ್ಚು ಪಂದ್ಯಗಳು ತನ್ನ ದೇಶದಲ್ಲೇ ಆದವು, ಅಮೆರಿಕದಲ್ಲಿ ಯಾರಿಗೂ ಗೊತ್ತಿಲ್ಲ. ವರ್ಲ್ಡ್ ಬಾಕ್ಸಿಂಗ್ ಅಸೋಸಿಯೇಷನ್ ಅವನನ್ನು ಮೊದಲ ಸಾಲಿನ ಸ್ಪರ್ಧಿ ಎಂದು ಪಟ್ಟಿ ಮಾಡಿದ್ದೇ ಹಲವರಿಗೆ ಅಚ್ಚರಿ. ಅವನ ಹೆಸರನ್ನು ಕೂಡ ಅಲ್ಲಿಯ ಪತ್ರಿಕೆಗಳು ತಮ್ಮ ಅನುಕೂಲಕ್ಕೆ ತಿರುಗಿಸಿ, ಮನೆತನದ ಹೆಸರನ್ನು ಕೊನೆಗೆ ತಳ್ಳಿ, ‘ದುಕ್ ಕೂ ಕಿಮ್’ ಎಂದು ಬರೆದವು. ಗೆಲ್ಲುವವನು ಮ್ಯಾನ್ಸಿನಿ ಎನ್ನುವುದರಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲ ಎನ್ನಬಹುದು.

ಶುಕ್ರವಾರದ ಮುನ್ನೋಟ ಸುಳ್ಳಾಯಿತು. ಹದಿನಾಲ್ಕನೆಯ ಸುತ್ತಿನಲ್ಲಿ ಪ್ರಯರ್ ಸುರಿಸಿದ ಗುದ್ದುಗಳಿಗೆ ಅರ್ಗ್ವೆಯೊ ಒಂದನ್ನೂ ತಿರುಗಿಸಿ ಕೊಡಲಾಗದೆ ಹಗ್ಗಕ್ಕೆ ಆತುಕೊಂಡಾಗ ರೆಫರಿ ನಿಲ್ಲಿಸಿದ. ಅರ್ಗ್ವೆಯೊ ಹಲವು ನಿಮಿಷ ನೆಲದ ಮೇಲೇ ಮಲಗಿದ್ದ. (ಆ ಸುತ್ತಿಗೆ ಮೊದಲು ಪ್ರಯರ್‌ನ ತರಬೇತುದಾರ ‘ಆ ಬಾಟಲಿ ಅಲ್ಲ, ನಾನು ಬೆರೆಸಿಟ್ಟದ್ದು’ ಎಂಬರ್ಥದಲ್ಲಿ ಹೇಳಿದ್ದು ಟಿವಿಯ ಮೈಕಿನಲ್ಲಿ ದಾಖಲಾಯಿತು. ಬಾಟಲಿಯಲ್ಲಿ ಏನಿತ್ತೆಂಬುದು ಸಾಬೀತಾಗಲಿಲ್ಲ. ಅದೇ ಒಂದು ಬೇರೆ ಲೇಖನ.) ನೋಡಿದವರೆಲ್ಲ ಹೆದರಿದರು. ಅರ್ಗ್ವೆಯೊ ಎದ್ದ. ಮುಂದಿನ ವರ್ಷ ಇಬ್ಬರೂ ಮತ್ತೆ ಸೆಣಸಿದರು, ಆಮೇಲೆ ಗೆಳೆಯರಾದರು.

ಶನಿವಾರದ ಮುನ್ನೋಟ ನಿಜವಾಯಿತು. ಆದರೆ ನಿಜವಾಗಲು ಹದಿನಾಲ್ಕು ಸುತ್ತು ತೆಗೆದುಕೊಂಡಿತು. ಯಾರೂ ಅರಿಯದ ಸ್ಪರ್ಧಿ ಚಾಂಪಿಯನ್‌ನ ಕಿವಿ ಹರಿಯುವಂತೆ, ಕಣ್ಣು ಊದಿ ಮುಚ್ಚುವಂತೆ ಹೊಡೆದ. ಮೊದಲ ಅರ್ಧದಲ್ಲಿ ಯಾರು ಮುಂದೆ ಎಂದು ಹೇಳುವುದೇ ಕಷ್ಟವಿತ್ತು. ನಂತರ ಮ್ಯಾನ್ಸಿನಿಯ ಕೈ ಮೇಲಾಯಿತು. ಹದಿಮೂರನೆಯ ಸುತ್ತಿನಲ್ಲಿ ಒಂದರ ಹಿಂದೊಂದು ಹತ್ತಾರು ಗುದ್ದು ತಿಂದ ಕಿಮ್ ಆ ಸುತ್ತು ಮುಗಿಯುವ ಹೊತ್ತಿಗೆ ಮತ್ತೆ ಮುಂದೆ ಬಂದು ಹೊಡೆದ. ಹದಿನಾಲ್ಕನೆಯ ಸುತ್ತು ಶುರುವಾದ ಕೆಲವೇ ಸೆಕೆಂಡುಗಳಲ್ಲಿ ಬಲಗೈಯ ಒಂದು ಗುದ್ದಿಗೆ ಬಿದ್ದ. ಹಗ್ಗ ಹಿಡಿದು ಎದ್ದ. ಎದ್ದದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ. ರೆಫರಿ ರಿಚರ್ಡ್ ಗ್ರೀನ್ ಪಂದ್ಯ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಕಿಮ್ ಪ್ರಜ್ಞೆ ತಪ್ಪಿದ, ಮೆದುಳಿನ ಶಸ್ತ್ರಚಿಕಿತ್ಸೆಯಾಯಿತು, ಕೆಲವೇ ದಿನಗಳಲ್ಲಿ ತೀರಿಕೊಂಡ. ಕೆಲವು ತಿಂಗಳಲ್ಲಿ ಅವನ ತಾಯಿ ಆತ್ಮಹತ್ಯೆ ಮಾಡಿಕೊಂಡರು. 1983ರ ಜುಲೈನಲ್ಲಿ ಗ್ರೀನ್ ಕೂಡ. ಕಿಮ್‌ನನ್ನು ಮದುವೆಯಾಗಬೇಕಿದ್ದ ಹುಡುಗಿ ಆಗ ಗರ್ಭಿಣಿ.

ಈಗ ಹಿಂದಿರುಗಿ ಆ ಮುನ್ನೋಟದ ಕಡೆ ನೋಡೋಣ. ಫಲ ಸರಿಯಾಗಿತ್ತು. ಹಾಗಾದರೆ ತಪ್ಪಿದ್ದು ಯಾವುದು?

ಇಲ್ಲಿ ನನಗೆ ನೆರವಾಗುವುದು ಯಾವ ಬಾಕ್ಸಿಂಗ್ ಪುಸ್ತಕವೂ ಅಲ್ಲ, ಬಿ.ಎ.ಯಲ್ಲಿ ಅಂಕಕ್ಕಾಗಿ ಓದಿದ್ದ ರನ್ನ. ಹತ್ತನೆಯ ಶತಮಾನದ ಕೊನೆಯ ಹೊತ್ತಿನ ಈ ಕವಿಯ ‘ಗದಾಯುದ್ಧ’ದ ವಸ್ತುವೂ ಇಬ್ಬರೇ ನಡೆಸುವ ಕಾಳಗ. ಫಲ ಎಲ್ಲರಿಗೂ ಮೊದಲೇ ಗೊತ್ತು. ಭೀಮ ಗೆಲ್ಲುತ್ತಾನೆ, ದುರ್ಯೋಧನನ ತೊಡೆ ಮುರಿಯುತ್ತದೆ. ಬಾಜಿ ಕಟ್ಟಲು ಏನೂ ಇಲ್ಲ. ರನ್ನ ಮಾಡಿದ್ದೇನೆಂದರೆ ಆ ಕೊನೆಯ ಕಾಳಗದ ಹೊಸ್ತಿಲಲ್ಲಿ ನಿಂತು ಸಿಂಹದಂತೆ ಹಿಂದಿರುಗಿ ನೋಡಿದ್ದು. ನಾವು ಪರೀಕ್ಷೆಗೆಂದು ಉರುಹೊಡೆದ ‘ಸಿಂಹಾವಲೋಕನ ಕ್ರಮ’ ಎಂದರೆ ಇದೇ. ಕಾಳಗಕ್ಕೆ ಮೊದಲು ಅವನು ಸೋಲುವವನ ಜೊತೆ ರಣರಂಗದಲ್ಲಿ ನಡೆಯುತ್ತಾನೆ. ದುರ್ಯೋಧನ ಸಂಜಯನೊಂದಿಗೆ ಹೆಣಗಳ ನಡುವೆ ಹೆಜ್ಜೆಯಿಡುತ್ತಾ ದ್ರೋಣನನ್ನು ನೋಡುತ್ತಾನೆ, ತಮ್ಮನನ್ನು ನೋಡುತ್ತಾನೆ, ಮಗನನ್ನು ನೋಡುತ್ತಾನೆ, ಕರ್ಣನ ಮುಂದೆ ಒಡೆದುಹೋಗುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಎದುರು ನಿಂತು ಅವನ ಶೌರ್ಯವನ್ನು ಹೊಗಳುತ್ತಾನೆ. ಕೊಳದ ಬಳಿಗೆ ಹೋಗುವಷ್ಟರಲ್ಲಿ ಓದುಗನಿಗೆ ಅವನು ಪೂರ್ತಿ ಗೊತ್ತು. ಗದೆ ತೊಡೆಯ ಮೇಲೆ ಬೀಳುವಾಗ ಅದು ಯಾರ ತೊಡೆ ಎಂದು ನಮಗೆ ಗೊತ್ತಿರುತ್ತದೆ.

ಮುನ್ನೋಟವನ್ನೂ ಸಿಂಹಾವಲೋಕನವನ್ನೂ ಹೋಲಿಸುವುದು ಅನ್ಯಾಯ ಎಂದು ನನ್ನ ಸಹಪಾಠಿಯೊಬ್ಬಳು ವಾದಿಸಿದಳು. ಮುನ್ನೋಟ ಜಾಹೀರಾತಿನ ತಮ್ಮ, ಟಿವಿ ಹಾಕಿಸುವುದು ಅದರ ಕೆಲಸ, ಅದರಿಂದ ಕಾವ್ಯ ಕೇಳುತ್ತೀಯಾ ಎಂದಳು. ಸರಿಯಾದ ಪ್ರಶ್ನೆ. ನನ್ನ ಉತ್ತರ ಇದು: ರನ್ನನೂ ಹೊಣೆ ಹೊತ್ತೇ ಬರೆದವನು. ಚಾಳುಕ್ಯ ಸತ್ಯಾಶ್ರಯನ ಆಸ್ಥಾನಕವಿ, ತನ್ನ ದೊರೆಯನ್ನು ಭೀಮನೊಂದಿಗೆ ಸಮೀಕರಿಸಿ ಬರೆದ ಕಾವ್ಯ, ಅದರ ಇನ್ನೊಂದು ಹೆಸರೇ ‘ಸಾಹಸಭೀಮವಿಜಯ’. ಅನ್ನ ಹಾಕುವವನು ಯಾರು, ಹಾಡಿಹೊಗಳಬೇಕಾದ್ದು ಯಾರನ್ನು ಎಂಬುದರಲ್ಲಿ ಅವನಿಗೆ ಗೊಂದಲವಿರಲಿಲ್ಲ. ಭೀಮನನ್ನು ಹೊಗಳುವಲ್ಲಿ ಜಿಪುಣತನವನ್ನೂ ತೋರಲಿಲ್ಲ. ಹಾಗಿದ್ದೂ ಎದುರಿಗೆ ನಿಂತವನಿಗೆ ಸಲ್ಲಬೇಕಾದ ಜಾಗವನ್ನು ಕೊಟ್ಟ. ಎಷ್ಟು ಕೊಟ್ಟನೆಂದರೆ, ಇಪ್ಪತ್ತನೆಯ ಶತಮಾನದಲ್ಲಿ ಬಿ.ಎಂ.ಶ್ರೀ. ಇದೇ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಮಾಡಿದಾಗ ದುರ್ಯೋಧನನನ್ನು ದುರಂತ ನಾಯಕನಾಗಿ ನಿಲ್ಲಿಸುವುದು ಸಹಜವಾಗಿಯೇ ಸಾಧ್ಯವಾಯಿತು. ಆದ್ದರಿಂದ ಒಬ್ಬನಿಗೇ ಕಥೆ ಕೊಡುವುದು ಪ್ರಾಯೋಜಿತ ಬರಹದ ಹಣೆಬರಹವಲ್ಲ.

ಮೈಸೂರು ದಸರೆಯ ಕುಸ್ತಿಗೆ ಮುನ್ನ ಪೈಲ್ವಾನರನ್ನು ‘ಜೋಡಿ ಕಟ್ಟುವ’ ಕ್ರಮವಿದೆ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಸರಿಸಮವೇ ಎಂದು ನೋಡಿ, ಹೆಸರು ಬರೆದುಕೊಳ್ಳುತ್ತಾರೆ. ಎಷ್ಟು ಒಳ್ಳೆಯ ಪದ ಅದು. ಜೋಡಿ ಎಂದ ಮೇಲೆ ಇಬ್ಬರೂ ಇರಲೇಬೇಕು. ಟಿವಿಯ ಬಾಕ್ಸಿಂಗ್‌ನಲ್ಲಿ ಒಬ್ಬನನ್ನು ಮೊದಲು ಆಯ್ದು, ಅವನ ಕಥೆ ಮುಂದುವರಿಯಲು ಇನ್ನೊಬ್ಬನನ್ನು ತರುತ್ತಾರೆ.

ಇನ್ನೊಬ್ಬನ ಕಥೆ ಇರಲಿಲ್ಲವೆಂದಲ್ಲ. ಕೊರಿಯಾದ ಈಶಾನ್ಯ ಮೂಲೆಯ ಗಾಂಗ್ವೊನ್ ಪ್ರಾಂತದ ಬಡ ಕುಟುಂಬ, ಎಳವೆಯಲ್ಲೇ ತಂದೆಯ ಸಾವು, ಬೂಟ್ ಪಾಲಿಶ್‌ನಂಥ ಕೆಲಸಗಳು, ಆಮೇಲೆ ಜಿಮ್ಮು. ಅಪ್ಪನಿಗಾಗಿ ಹೋರಾಡುವ ಮಗನ ಎದುರು ಅಪ್ಪನೇ ಇಲ್ಲದೆ ಬೆಳೆದ ಮಗ. ಕಥೆ ಹೊಸೆಯುವವರಿಗೆ ಇದಕ್ಕಿಂತ ಬೇರೇನು ಬೇಕಿತ್ತು? ಇವನನ್ನು ಕೊರಿಯನ್ ಭಾಷೆಯಲ್ಲಿ ಮಾತನಾಡಿಸುವವರು ಬೇಕಿತ್ತು, ಅಷ್ಟೇ. ಭಾಷೆಯ ಮಾತು ಬಂದಿದ್ದರಿಂದ ಹೇಳುತ್ತೇನೆ. ಪಂದ್ಯಕ್ಕೆ ಕೆಲ ದಿನ ಮೊದಲು ಕಿಮ್ ಹೋಟೆಲ್ ಕೋಣೆಯ ದೀಪದ ಮುಸುಕಿನ ಮೇಲೆ ಕೊರಿಯನ್‌ನಲ್ಲಿ ಏನೋ ಬರೆದಿಟ್ಟುಕೊಂಡಿದ್ದ. ‘ಬದುಕು ಇಲ್ಲವೇ ಸಾವು’ ಎಂಬುದು ಅದರ ಅರ್ಥ. ಪತ್ರಿಕೆಗಳಲ್ಲಿ ಅದು ‘ಕೊಲ್ಲು ಇಲ್ಲವೇ ಸಾಯಿ’ ಎಂದು ಬಂತು. ಅನುವಾದದ ತರಗತಿಯಲ್ಲಿ ಇಟ್ಟು ಚರ್ಚಿಸಬೇಕಾದ ಎರಡು ಸಾಲುಗಳಿವು. ಮೊದಲನೆಯದರಲ್ಲಿ ಎದುರಾಳಿಯೇ ಇಲ್ಲ. ಒಬ್ಬ ಮನುಷ್ಯ ತನಗೆ ತಾನೇ ಬರೆದುಕೊಂಡ ಚೀಟಿ ಅದು. ಎರಡನೆಯದರಲ್ಲಿ ಅವನು ದೂರದಿಂದ ಬಂದ ಕೊಲೆಗಡುಕ. ಇಡೀ ಮುನ್ನೋಟದಲ್ಲಿ ಕಿಮ್‌ನ ಸ್ವಂತ ದನಿ ಎನ್ನಬಹುದಾದ್ದು ಆ ಒಂದೇ ಸಾಲು, ಅದೂ ತಪ್ಪಾಗಿ ದಾಟಿತು.

ಆ ಸಾಲನ್ನು ಸರಿಯಾಗಿ ಓದಿದ್ದರೆ ಅವನು ಬದುಕುತ್ತಿದ್ದನೇ? ಹಾಗೆ ಹೇಳಲು ನನಗೆ ಧೈರ್ಯವಿಲ್ಲ, ಹೇಳಿದರೆ ಅದು ಸುಳ್ಳು ಭಾವುಕತೆ. ನಾನು ಹೇಳುತ್ತಿರುವುದು ಇದಕ್ಕಿಂತ ಚಿಕ್ಕದು. ಮುನ್ನೋಟ ಕೇಳುವ ಪ್ರಶ್ನೆ ‘ಯಾರು ಗೆಲ್ಲುತ್ತಾರೆ’ ಎಂಬುದು. ಸೋಲುವವನು ಎಷ್ಟು ದೂರ ಹೋಗಬಲ್ಲ, ಯಾವಾಗ ನಿಲ್ಲಲಾರ ಎಂದು ಅದು ಕೇಳುವುದಿಲ್ಲ. ಕೇಳಬೇಕಾದರೆ ಅವನು ಯಾರೆಂದು ಗೊತ್ತಿರಬೇಕು. 135 ಪೌಂಡಿನ ಮಿತಿಗೆ ಇಳಿಯಲು ಕಿಮ್ ಕೊನೆಯ ದಿನಗಳಲ್ಲಿ ಒದ್ದಾಡಿದ್ದ. ಹದಿನೈದು ಸುತ್ತಿನ ಪಂದ್ಯ. ಮರುಭೂಮಿಯ ಊರು. ಗೆಲ್ಲುವುದು ಹೊರತು ಬೇರೆ ಯಾವ ದಾರಿಯನ್ನೂ ತನಗೆ ಉಳಿಸಿಕೊಳ್ಳದ ಮನುಷ್ಯ. ಇವೆಲ್ಲ ಪಂದ್ಯಕ್ಕೆ ಮೊದಲೇ ಇದ್ದ ಸಂಗತಿಗಳು. ಮ್ಯಾನ್ಸಿನಿ ಹಿಂದಿನ ವರ್ಷ, 1981ರ ಅಕ್ಟೋಬರ್‌ನಲ್ಲಿ, ಇದೇ ಅರ್ಗ್ವೆಯೊ ಎದುರು ಸೋತದ್ದೂ ಹದಿನಾಲ್ಕನೆಯ ಸುತ್ತಿನಲ್ಲೇ. ಮೂರು ಪಂದ್ಯ, ಮೂರೂ ಹದಿನಾಲ್ಕನೆಯ ಸುತ್ತು. ಕೊನೆಯ ಆ ಸುತ್ತುಗಳಲ್ಲಿ ಗಟ್ಟಿಯಾದ ದೇಹ ತನ್ನ ಗಟ್ಟಿತನಕ್ಕೇ ಬಲಿಯಾಗಬಹುದು ಎಂಬುದಕ್ಕೆ ಸೂಚನೆ ಬೇಕಿದ್ದರೆ ಇತ್ತು.

ಸೂಚನೆಯನ್ನು ಓದಿದ್ದು ಆಮೇಲೆ. ಕೆಲವೇ ವಾರಗಳಲ್ಲಿ ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ತನ್ನ ಚಾಂಪಿಯನ್‌ಷಿಪ್ ಪಂದ್ಯಗಳನ್ನು ಹನ್ನೆರಡು ಸುತ್ತಿಗೆ ಇಳಿಸಿತು. ಕಿಮ್ ಸತ್ತದ್ದು ಯಾವ ಸಂಸ್ಥೆಯ ಪಟ್ಟಕ್ಕಾಗಿಯೋ ಆ ಅಸೋಸಿಯೇಷನ್ ಹಾಗೆ ಮಾಡಲು 1987ರವರೆಗೆ ಕಾಯಿತು. ಅದೇ ನವೆಂಬರ್ 26ರಂದು ಲ್ಯಾರಿ ಹೋಮ್ಸ್ ಎದುರು ರ್‍ಯಾಂಡಲ್ ಕಾಬ್ ಹದಿನೈದು ಸುತ್ತೂ ಗುದ್ದು ತಿನ್ನುವುದನ್ನು ವಿವರಿಸುತ್ತಾ ಕೂತಿದ್ದ ಹೊವಾರ್ಡ್ ಕೊಸೆಲ್ ಎಂಬ ಅತಿ ಪ್ರಸಿದ್ಧ ಟಿವಿ ವೀಕ್ಷಕ ವಿವರಣೆಗಾರ ಅಸಹ್ಯಪಟ್ಟು, ಇನ್ನು ವೃತ್ತಿಪರ ಬಾಕ್ಸಿಂಗ್ ಬೇಡವೆಂದು ಬಿಟ್ಟ.

ಕಿಮ್‌ನ ಕಥೆಯೂ ಬಂತು, ತಡವಾಗಿ. 2002ರಲ್ಲಿ ಕೊರಿಯಾದ ನಿರ್ದೇಶಕ ಕ್ವಾಕ್ ಕ್ಯುಂಗ್ ತೇಕ್ ‘ಚಾಂಪಿಯನ್’ ಎಂಬ ಸಿನಿಮಾ ಮಾಡಿದ. ಶೀರ್ಷಿಕೆಯೇ ಒಂದು ವಿಮರ್ಶೆ, ಏಕೆಂದರೆ ಅಲ್ಲಿಯ ನಾಯಕ ಕಿಮ್. ಅಮೆರಿಕದಲ್ಲಿ ಇದೇ ಪಂದ್ಯದ ಸುತ್ತ ಬಂದ ಹಾಡಿಗೂ ಪುಸ್ತಕಕ್ಕೂ ಮ್ಯಾನ್ಸಿನಿಯದೇ ಹೆಸರು, ಇಲ್ಲವೇ ಅವನ ಬಿರುದು. 1987ರ ವಾರೆನ್ ಜೆವೊನ್ ಹಾಡು ‘ಬೂಮ್ ಬೂಮ್ ಮ್ಯಾನ್ಸಿನಿ’. 2012ರ ಮಾರ್ಕ್ ಕ್ರೀಗಲ್ ಪುಸ್ತಕ ‘ದ ಗುಡ್ ಸನ್’. ಆದರೆ ಕ್ರೀಗಲ್‌ನ ಪುಸ್ತಕ ಆ ‘ಒಳ್ಳೆಯ ಮಗ’ನಲ್ಲೇ ನಿಲ್ಲಲಿಲ್ಲ. ಕಿಮ್ ಸತ್ತ ಮೇಲೆ ಹುಟ್ಟಿದ ಮಗನವರೆಗೆ, ಅವನೂ ಅವನ ತಾಯಿಯೂ 2011ರಲ್ಲಿ ಅಮೆರಿಕಕ್ಕೆ ಬಂದು ಮ್ಯಾನ್ಸಿನಿಯನ್ನು ಭೇಟಿಯಾದುದರವರೆಗೆ ಹೋಯಿತು. ಅಪ್ಪನಿಗಾಗಿ ಹೋರಾಡಿದ ಮಗ, ಅಪ್ಪನನ್ನು ನೋಡದ ಮಗನ ಎದುರು ಕೂತ. ನನ್ನ ಮಟ್ಟಿಗೆ ಇದು ಸಿಂಹಾವಲೋಕನದ ಹತ್ತಿರಕ್ಕೆ ಬಂದ ಬಾಕ್ಸಿಂಗ್ ಬರಹ. ಮೂವತ್ತು ವರ್ಷ ಬೇಕಾಯಿತು.

ಇದನ್ನು ಬರೆಯುವ ಹೊತ್ತಿಗೂ ನಾನು ಮುನ್ನೋಟ ಓದುವುದನ್ನು ಬಿಟ್ಟಿಲ್ಲ. ಬಾಕ್ಸಿಂಗ್ ನೋಡುವುದನ್ನೂ ಬಿಟ್ಟಿಲ್ಲ, ಅದರ ಬಗ್ಗೆ ನನಗೆ ಸಮಜಾಯಿಷಿ ಇಲ್ಲ. ವಿಲಿಯಂ ಹ್ಯಾಜ್ಲಿಟ್‌ನ ‘ದ ಫೈಟ್’ ನೆನಪಾಗುತ್ತದೆ. 1822ರಲ್ಲಿ ಅಚ್ಚಾದ ಆ ಪ್ರಬಂಧದ ಬಹುಭಾಗ ಕಾಳಗಕ್ಕಿಂತ ಕಾಳಗದ ಜಾಗಕ್ಕೆ ಹೋಗುವ ದಾರಿಯದು, ಕುದುರೆಗಾಡಿಯದು, ಹಿಂದಿನ ರಾತ್ರಿ ಹೋಟೆಲಿನಲ್ಲಿ ನಿದ್ದೆಗೆಟ್ಟ ಹರಟೆಯದು. ನಾಳೆ ಏನೋ ಆಗುತ್ತದೆ ಎಂಬ ಆ ಉತ್ಸಾಹ ನನ್ನದೂ ಹೌದು. ಇತ್ತೀಚೆಗೆ ಓದುವ ರೀತಿ ಮಾತ್ರ ಬದಲಾಗಿದೆ. ಕಳೆದ ಶುಕ್ರವಾರದ ಮುನ್ನೋಟದಲ್ಲಿ ನಾಲ್ಕನೆಯ ಪಂದ್ಯದ ಮೊದಲ ಹೆಸರಿಗೆ ಎರಡು ಪ್ಯಾರಾ ಇತ್ತು, ಎರಡನೆಯ ಹೆಸರಿಗೆ ಗೆಲುವು-ಸೋಲಿನ ಅಂಕಿ ಮತ್ತು ‘ಗಟ್ಟಿಗ’ ಎಂಬ ಒಂದು ಪದ. ಲ್ಯಾಪ್‌ಟಾಪಿನಲ್ಲಿ ಮಹಾಪ್ರಬಂಧದ ಮೂರನೆಯ ಅಧ್ಯಾಯ ತೆರೆದಿತ್ತು. ಅದನ್ನು ಪಕ್ಕಕ್ಕೆ ಸರಿಸಿ ಆ ಎರಡನೆಯ ಹೆಸರನ್ನು ಹುಡುಕಿದೆ. ಊರು ಸಿಗುವ ಹೊತ್ತಿಗೆ ರಾತ್ರಿ ಒಂದೂವರೆ.